ಕರಿಬೇವು, ಲಿಂಬಿ ಗಿಡದ ಪಾತರಗಿತ್ತಿ ಹುಳ: ಗುರುತಿಸಿ, ಸಾಕಿ, ಹಾರಿಬಿಡುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಹಿತ್ತಲಲ್ಲಿ ಬೇರೇನಿಲ್ಲದಿದ್ದರೂ ಬಚ್ಚಲ ನೀರು ಹರಿಯುವ ಕಡೆ ಒಂದು ಕರಿಬೇವಿನ ಗಿಡ, ಜಾಗವಿದ್ದರೆ ಒಂದು ಲಿಂಬಿ ಗಿಡ ಇರುತ್ತದೆ. ಎರಡು ಒಳ್ಳೆಯ ಮಳೆ ಬಿದ್ದು ಚಿಗುರು ಒಡೆದರೆ ಸಾಕು, ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಸಣ್ಣ ಹುಳಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ಅವನ್ನು ಕಿತ್ತು ಹೊಸಕುತ್ತಾರೆ, ಇಲ್ಲವೇ ಎಣ್ಣೆ ಹೊಡೆಯುತ್ತಾರೆ. ಈ ಹುಳಗಳೇ ತಿಂಗಳೊಪ್ಪತ್ತಿನಲ್ಲಿ ಅಂಗಳದಲ್ಲಿ ಹಾರುವ ದೊಡ್ಡ ಪಾತರಗಿತ್ತಿಗಳು. ಆಳೆತ್ತರದ ಕರಿಬೇವು ಐದಾರು ಹುಳಗಳನ್ನು ಸಾಕಿಯೂ ಮನೆಯ ಒಗ್ಗರಣೆಗೆ ಎಲೆ ಉಳಿಸಿಕೊಳ್ಳುತ್ತದೆ. ಕುಂಡದಲ್ಲಿರುವ ಒಂದೆರಡು ಅಡಿಯ ಸಸಿಯ ಮಾತು ಬೇರೆ. ಎರಡೇ ಹುಳ ಅದನ್ನು ಬರಿ ಕಡ್ಡಿ ಮಾಡಿಬಿಡುತ್ತವೆ. ಲಿಂಬೆ ಸಸಿ ಬೆಳೆಸುವ ನರ್ಸರಿಯವರಿಗೆ ಇದು ನಿಜವಾದ ಪೀಡೆ, ಅವರ ಕಷ್ಟ ಸುಳ್ಳಲ್ಲ. ಮನೆಯವರು ಮಾತ್ರ ಹುಳಕ್ಕೆಂದೇ ಒಂದು ಗಿಡ ಬಿಟ್ಟುಕೊಡಬಹುದು.

ಯಾವ ಗಿಡದಲ್ಲಿ ಯಾವ ಹುಳ

ಮೊದಲು ಗಿಡ ನೋಡಬೇಕು, ಆಮೇಲೆ ಹುಳ. ಸ್ವಾಲೋಟೇಲ್ ಎಂಬ ಈ ಕುಟುಂಬದ ಪಾತರಗಿತ್ತಿಗಳು ಕಂಡ ಕಂಡ ಎಲೆಗೆ ಮೊಟ್ಟೆ ಇಡುವುದಿಲ್ಲ.

ಲಿಂಬಿ, ಮೋಸಂಬಿ, ಕರಿಬೇವು, ಬಿಲ್ವಪತ್ರೆ, ಬೇಲದ ಮರ ಇಷ್ಟರಲ್ಲಿ ಸಿಗುವುದು ಹೆಚ್ಚಾಗಿ ಎರಡು ಜಾತಿ: ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್. ನಿಂಬೆ ಚಿಟ್ಟೆ ಎರೆಹೊಲದ ಬದುವಿನಲ್ಲಿ ಬೆಳೆಯುವ ಬಾವಂಚಿ ಗಿಡಕ್ಕೂ ಮೊಟ್ಟೆ ಇಡುತ್ತದೆ. ಲಿಂಬಿ ತೋಟವೇ ಇಲ್ಲದ ಬಯಲಲ್ಲಿ ಅದು ಹಾರಾಡುವುದಕ್ಕೆ ಇದೂ ಒಂದು ಕಾರಣ. ಕಾಂಪೌಂಡ್ ಪಕ್ಕದಲ್ಲಿ ಸಾಲಾಗಿ ನೆಡುವ ಕಂಬದ ಅಶೋಕ ಮತ್ತು ಸೀತಾಫಲದ ಚಿಗುರಿನಲ್ಲಿ ಸಿಗುವುದು ಟೇಲ್ಡ್ ಜೇ. ಈಶ್ವರಿ ಬಳ್ಳಿಯಲ್ಲೂ, ಕಪ್ಪು ಮಣ್ಣಿನ ಹೊಲಗಳಲ್ಲಿ ನೆಲಕ್ಕೆ ಹರಡುವ ಅದೇ ಕುಲದ ಚಿಕ್ಕ ಬಳ್ಳಿಯಲ್ಲೂ ಸಿಗುವವು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್. ಕನ್ನಡನಾಡಿನ ರಾಜ್ಯ ಚಿಟ್ಟೆಯೂ ಇದೇ ಕುಟುಂಬದ್ದು. ಆದರೆ ಅದು ಮಲೆನಾಡಿನ ಕಾಡಿನದು, ಈ ಬಯಲಿನ ಅಂಗಳದಲ್ಲಿ ಅದನ್ನು ಹುಡುಕಬೇಕಾಗಿಲ್ಲ.

ಹುಡುಕುವ ಕಾಲ ಆಗಸ್ಟ್‌ನಿಂದ ಡಿಸೆಂಬರ್. ಇಲ್ಲಿ ಮುಂಗಾರು ಜೂನ್‌ನಲ್ಲಿ ಬಂದರೂ ಗಿಡಗಳು ಮೈತುಂಬ ಚಿಗುರುವುದು ಅದರ ಕೊನೆಯ ಮಳೆಗಳಿಗೆ. ತುಂಗಭದ್ರಾ ಕಾಲುವೆ ನೀರು ಹರಿಯುವ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಗಿಡ ವರ್ಷವಿಡೀ ಹಸಿರಾಗಿರುತ್ತದೆ, ಹುಳವೂ ಹೆಚ್ಚು ದಿನ ಸಿಗುತ್ತದೆ. ಅಲ್ಲಿ ತೊಡಕು ಭತ್ತದ ಗದ್ದೆಯ ಸ್ಪ್ರೇ. ಅದರ ಮಾತು ಮುಂದಿದೆ.

ಮೊಟ್ಟೆಯಿಂದ ಕೋಶದವರೆಗೆ ಗುರುತು ಹಿಡಿಯುವುದು

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಕರಿಬೇವಿನ ಸುತ್ತ ಒಂದು ಪಾತರಗಿತ್ತಿ ಕೂರದೆ ರೆಕ್ಕೆ ಬಡಿಯುತ್ತಲೇ ಸುಳಿದಾಡುತ್ತಿದ್ದರೆ ಅದು ಹೆಣ್ಣು. ಮುಂಗಾಲಿನಿಂದ ಎಲೆ ಮುಟ್ಟಿ ರುಚಿ ನೋಡುತ್ತದೆ. ಸರಿಯಾದ ಗಿಡವೆಂದು ಗೊತ್ತಾದರೆ ಹೊಟ್ಟೆಯ ತುದಿ ಬಾಗಿಸಿ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದಿನ ಚಿಗುರಿಗೆ ಹೋಗುತ್ತದೆ. ಅದು ಹೋದ ಮೇಲೆ ಎಳೆ ಎಲೆಗಳ ಅಂಚು ಮತ್ತು ಅಡಿಭಾಗ ನೋಡಿ. ಹೆಚ್ಚು ಕಡಿಮೆ 1 ಮಿ.ಮೀ. ಅಗಲದ, ನುಣುಪಾದ, ತಿಳಿಹಳದಿ ಗುಂಡು ಮಣಿ ಕಾಣುತ್ತದೆ. ಗೊಂಚಲಾಗಿ ನೂರಾರು ಮೊಟ್ಟೆ ಕಂಡರೆ ಅದು ಬೇರೆ ಯಾವುದೋ ಕೀಟದ್ದು.

ಮೊಟ್ಟೆ 3ರಿಂದ 6 ದಿನದಲ್ಲಿ ಒಡೆಯುತ್ತದೆ. ಒಡೆಯುವ ಹಿಂದಿನ ದಿನ ಒಳಗಿನ ಕರಿ ತಲೆ ಚುಕ್ಕೆಯಾಗಿ ಕಾಣುತ್ತದೆ. ಹೊರಬಂದ ಮರಿ ಮೊದಲು ತಿನ್ನುವುದು ತನ್ನದೇ ಮೊಟ್ಟೆಯ ಸಿಪ್ಪೆಯನ್ನು, ಆದ್ದರಿಂದ ಮೊಟ್ಟೆಯನ್ನು ಎಲೆಯಿಂದ ಕೆರೆದು ತೆಗೆಯಬಾರದು.

ಹುಳ ನಾಲ್ಕು ಸಲ ಪೊರೆ ಬಿಟ್ಟು ಐದು ಹಂತ ಬೆಳೆಯುತ್ತದೆ. ಮೊದಲ ಹಂತದಲ್ಲಿ ಕಪ್ಪು, ಮೈಮೇಲೆ ಸಣ್ಣ ಮೆತ್ತನೆಯ ಮುಳ್ಳು. ಎರಡರಿಂದ ನಾಲ್ಕನೆಯ ಹಂತದವರೆಗೆ ಎಣ್ಣೆ ಸವರಿದಂಥ ಕಂದು ಮೈ, ನಡುವೆ ಬಿಳಿ ತೇಪೆ. ಥೇಟ್ ಹಕ್ಕಿ ಹಿಕ್ಕೆ. ಎಲೆಯ ಮೇಲ್ಭಾಗದಲ್ಲೇ ರಾಜಾರೋಷವಾಗಿ ಕೂತಿದ್ದರೂ ಹಕ್ಕಿಗಳು ಅದನ್ನು ಮುಟ್ಟದಿರುವುದು ಈ ವೇಷದಿಂದ. ಐದನೆಯ ಹಂತಕ್ಕೆ ಬರುತ್ತಲೇ ಪೂರ್ತಿ ಹಸಿರಾಗುತ್ತದೆ. ಎದೆಯ ಭಾಗ ಉಬ್ಬಿ, ಅದರ ಮೇಲೆ ಕಣ್ಣಿನಂಥ ಗುರುತು, ಮೈ ಪಕ್ಕದಲ್ಲಿ ಓರೆಯಾದ ಕಂದು ಪಟ್ಟೆ. ಉದ್ದ ಸುಮಾರು 4 ಸೆ.ಮೀ. ನಿನ್ನೆಯ ಕಂದು ಹುಳ ಕಳೆದುಹೋಗಿ ಹಸಿರು ಹುಳ ಬೇರೆಲ್ಲಿಂದಲೋ ಬಂತು ಅಂತ ಮೊದಲ ಸಲ ನೋಡುವವರು ಅಂದುಕೊಳ್ಳುತ್ತಾರೆ. ಅದು ಅದೇ ಹುಳ.

ಖಾತ್ರಿ ಬೇಕಿದ್ದರೆ ಒದ್ದೆ ಕುಂಚದ ತುದಿಯಿಂದ ಬೆನ್ನನ್ನು ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನ ಸೀಳಿನಿಂದ ಕೆಂಪು ಅಥವಾ ಕಿತ್ತಳೆ ಬಣ್ಣದ ಕವಲೊಡೆದ ಕೊಂಬು ಫಕ್ಕನೆ ಹೊರಗೆ ಬರುತ್ತದೆ, ಜೊತೆಗೆ ಹುಳಿತ ಹಣ್ಣಿನಂಥ ಘಾಟು. ಸ್ವಾಲೋಟೇಲ್ ಕುಟುಂಬದ ಹುಳಗಳಿಗೆ ಮಾತ್ರ ಈ ಕೊಂಬು ಇರುತ್ತದೆ. ಇರುವೆಯಂಥ ಶತ್ರುಗಳನ್ನು ಓಡಿಸಲು ಇದು, ಮನುಷ್ಯನ ಚರ್ಮಕ್ಕೆ ಏನೂ ಆಗುವುದಿಲ್ಲ. ಒಮ್ಮೆ ನೋಡಿದರೆ ಸಾಕು, ಪದೇ ಪದೇ ಕೆಣಕಿದರೆ ಹುಳ ಸೊರಗುತ್ತದೆ. ಮೈತುಂಬ ಉದ್ದ ರೋಮ ಇದ್ದು ಮುಟ್ಟಿದರೆ ತುರಿಸುವ ಕಂಬಳಿಹುಳ ಈ ಕುಟುಂಬದ್ದಲ್ಲ. ಲಿಂಬಿ ಎಲೆಯೊಳಗೆ ಬೆಳ್ಳಿಗೆರೆ ಕೊರೆಯುವ ಹುಳವೂ ಇದಲ್ಲ.

ನಿಂಬೆ ಚಿಟ್ಟೆ ಮತ್ತು ಮಾರ್ಮನ್ ಹುಳಗಳನ್ನು ಬೇರ್ಪಡಿಸಲು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆರೈಕೆ ಎರಡಕ್ಕೂ ಒಂದೇ. ಕೋಶದ ಹಂತದಲ್ಲಿ, ಅಂದರೆ ಹುಳ ತಿನ್ನುವುದು ಬಿಟ್ಟು ಪಾತರಗಿತ್ತಿಯಾಗುವವರೆಗೆ ಚಿಪ್ಪಿನೊಳಗಿರುವ ಹಂತದಲ್ಲಿ, ಗೊತ್ತಾಗುತ್ತದೆ: ತಲೆಯ ಕಡೆಯ ಎರಡು ಚೂಪುಗಳ ನಡುವಿನ ಕಚ್ಚು ಆಳವಾಗಿದ್ದರೆ ಮಾರ್ಮನ್. ಪಾತರಗಿತ್ತಿಯಾದ ಮೇಲಂತೂ ಸಂಶಯವೇ ಇಲ್ಲ. ನಿಂಬೆ ಚಿಟ್ಟೆಗೆ ಬಾಲವಿಲ್ಲ, ಕಪ್ಪು ರೆಕ್ಕೆಯ ತುಂಬ ತಿಳಿಹಳದಿ ಮಚ್ಚೆ, ಹಿಂರೆಕ್ಕೆಯಲ್ಲೊಂದು ಇಟ್ಟಿಗೆಗೆಂಪು ಚುಕ್ಕೆ. ಮಾರ್ಮನ್ ಗಂಡಿಗೆ ಹಿಂರೆಕ್ಕೆಯಲ್ಲಿ ಬಿಳಿ ಮಚ್ಚೆಗಳ ಸಾಲು ಮತ್ತು ಬಾಲ. ಮಾರ್ಮನ್ ಹೆಣ್ಣಿಗೆ ಮೂರು ವೇಷ: ಒಂದು ಗಂಡಿನಂತೆಯೇ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್‌ಗಳು ವಿಷದ ಬಳ್ಳಿ ತಿಂದು ಬೆಳೆಯುವುದರಿಂದ ಹಕ್ಕಿಗಳಿಗೆ ಬೇಡ. ಮಾರ್ಮನ್ ಅವುಗಳ ಬಣ್ಣ ಹೊದ್ದು ಬದುಕಿಕೊಳ್ಳುತ್ತದೆ. ಮೈ ನೋಡಿದರೆ ಗುಟ್ಟು ಬಯಲು: ನಿಜವಾದ ರೋಸ್‌ನ ಮೈ ಕೆಂಪು, ಮಾರ್ಮನ್‌ದು ಕಪ್ಪು.

ಎಲೆ ಶುದ್ಧವಿರಬೇಕು

ಸಾಕುವುದರಲ್ಲಿ ಸೋಲುವವರಲ್ಲಿ ಮುಕ್ಕಾಲು ಪಾಲು ಎಲೆಯಲ್ಲೇ ಸೋಲುತ್ತಾರೆ. ಸಂತೆಯ ಕರಿಬೇವಿನ ಕಟ್ಟು ಹಾಕಬೇಡಿ. ಹೊಲದಲ್ಲಿ ಬೆಳೆದ ಕರಿಬೇವಿಗೆ ಕೀಟನಾಶಕ ಹೊಡೆಯುವುದು ಮಾಮೂಲಿ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ನರ್ಸರಿಯಿಂದ ತಂದ ಸಸಿಗೂ ಗಿಡದೊಳಗೆ ಇಳಿಯುವ ಔಷಧಿ ಹಾಕಿರುವ ಸಾಧ್ಯತೆ ಇದೆ. ಅಂಥ ಸಸಿ ಎರಡು ಮೂರು ತಿಂಗಳು ಮನೆಯಲ್ಲಿ ಬೆಳೆದು ಹೊಸ ಚಿಗುರು ಬಿಟ್ಟ ಮೇಲೆ ಆ ಚಿಗುರನ್ನೇ ಬಳಸಿ. ಬೇವಿನೆಣ್ಣೆ ಸಾವಯವ ಎನ್ನುವುದು ನಿಜ, ಆದರೆ ಹುಳಕ್ಕೆ ಅದೂ ವಿಷವೇ.

ಹತ್ತಿ, ಮೆಣಸಿನಕಾಯಿ, ಭತ್ತದ ಹೊಲ ಪಕ್ಕದಲ್ಲೇ ಇದ್ದರೆ ಸ್ಪ್ರೇ ಮಾಡುವ ದಿನ ಗಾಳಿಯಲ್ಲಿ ಬಂದು ಎಲೆಯ ಮೇಲೆ ಕೂರುವಷ್ಟು ವಿಷವೇ ಸಣ್ಣ ಮರಿಗಳನ್ನು ಕೊಲ್ಲಲು ಸಾಕು. ಮುಂಚೆಯೇ ಕೇಳಿಕೊಂಡು ಎರಡು ದಿನದ ಎಲೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಡೆಂಗಿ ಕಾಲದಲ್ಲಿ ಓಣಿಯಲ್ಲಿ ಫಾಗಿಂಗ್ ಯಂತ್ರ ಬಂದಾಗ ಹುಳ ಸಾಕುವ ಪೆಟ್ಟಿಗೆಯನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿ. ಹೊರಗಿನ ಗಿಡದ ಎಲೆಯನ್ನು ಒಂದು ದೊಡ್ಡ ಮಳೆಯಾಗುವವರೆಗೆ ಕೀಳಬೇಡಿ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಇರುವೆಗೆ ಎಳೆಯುವ ಸೀಮೆಸುಣ್ಣ ಈ ಮೂರೂ ಹುಳ ಇರುವ ಕೋಣೆಯಲ್ಲಿ ಇರಕೂಡದು. ಕಾರಣ ತಿಳಿಯದೆ ಒಂದೇ ರಾತ್ರಿಯಲ್ಲಿ ಎಲ್ಲ ಹುಳ ಹಸಿರು ನೀರು ಕಕ್ಕಿ, ಮೈ ತಿರುಚಿ ಸತ್ತಿವೆ ಎಂದರೆ ಮೊದಲು ಇವನ್ನೇ ಅನುಮಾನಿಸಬೇಕು.

ಹುಳಕ್ಕೆಂದೇ ಕುಂಡ ಬೆಳೆಸುವುದಾದರೆ 12 ಇಂಚಿನ ಎರಡು ಮೂರು ಕುಂಡ ಮಾಡಿಕೊಳ್ಳಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು. ಬರಿ ಎರೆಮಣ್ಣು ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ದೊಡ್ಡ ಕರಿಬೇವಿನ ಬುಡದಲ್ಲಿ ಬೇರಿನಿಂದ ಏಳುವ ಮರಿಗಿಡಗಳನ್ನು ಬೇರು ಸಮೇತ ಕಿತ್ತು ನೆಟ್ಟರೆ ನರ್ಸರಿಯ ಗೊಡವೆಯೇ ಇಲ್ಲ. ತುದಿ ಚಿವುಟಿ ನೀರು ಕೊಟ್ಟರೆ ಎರಡು ಮೂರು ವಾರದಲ್ಲಿ ಹೊಸ ಚಿಗುರು ಬರುತ್ತದೆ.

ಸಾಕುವ ಕ್ರಮ

ಎರಡು ದಾರಿ ಇವೆ. ಗಿಡದ ಮೇಲೆಯೇ ಬಿಟ್ಟು ಚೀಲ ಕಟ್ಟುವುದು, ಇಲ್ಲವೇ ಪೆಟ್ಟಿಗೆಯಲ್ಲಿ ಸಾಕುವುದು.

ಚೀಲದ ದಾರಿ ಈ ಬಿಸಿಲು ಸೀಮೆಗೆ ಹೆಚ್ಚು ಒಗ್ಗುತ್ತದೆ, ಕಿತ್ತ ಎಲೆ ಬಾಡುವ ಚಿಂತೆ ಇಲ್ಲ. ಸೊಳ್ಳೆ ಪರದೆಯ ಬಟ್ಟೆಯಿಂದ ಎರಡಡಿ ಉದ್ದ, ಒಂದಡಿ ಅಗಲದ ಎರಡೂ ಬಾಯಿ ತೆರೆದ ಚೀಲ ಹೊಲಿಸಿ. ಟೊಂಗೆಯನ್ನು ಮೊದಲು ಚೆನ್ನಾಗಿ ಅಲುಗಾಡಿಸಿ ಜೇಡ, ಇರುವೆ ಇಲ್ಲದಂತೆ ನೋಡಿ, ಎರಡು ಮೂರು ಹುಳ ಬಿಟ್ಟು ಎರಡೂ ತುದಿ ದಾರದಿಂದ ಬಿಗಿಯಾಗಿ ಕಟ್ಟಿ. ಎರಡು ದಿನಕ್ಕೊಮ್ಮೆ ಕೆಳಗಿನ ಗಂಟು ಬಿಚ್ಚಿ ಹಿಕ್ಕೆ ಉದುರಿಸಿ, ಎಲೆ ಅರ್ಧ ಮುಗಿದಿದ್ದರೆ ಚೀಲವನ್ನು ಬೇರೆ ಟೊಂಗೆಗೆ ಬದಲಿಸಿ. ಜೇಡವೊಂದು ಒಳಗೆ ಉಳಿದರೆ ಚೀಲವೇ ಬಲೆಯಾಗುತ್ತದೆ, ಆದ್ದರಿಂದ ಕಟ್ಟುವ ಮುಂಚೆ ನೋಡುವುದರಲ್ಲಿ ಅವಸರ ಬೇಡ.

ಪೆಟ್ಟಿಗೆಯಲ್ಲಾದರೆ ಹೀಗೆ:

1. ಮೊಟ್ಟೆ ಅಥವಾ ಮರಿ ಇರುವ ಎಲೆಯನ್ನು ತೊಟ್ಟು ಸಮೇತ ಕತ್ತರಿಸಿ. ಹುಳವನ್ನು ಬೆರಳಿಂದ ಎಳೆಯಬಾರದು. ಅದು ರೇಷ್ಮೆ ನೂಲಿನ ಹಾಸಿನ ಮೇಲೆ ಕಾಲೂರಿ ಹಿಡಿದಿರುತ್ತದೆ, ಎಳೆದರೆ ಕಾಲು ಕಿತ್ತು ಬರುತ್ತದೆ.

2. ಮೊದಲ ಎರಡು ಹಂತಕ್ಕೆ ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಸಾಕು. ತಳಕ್ಕೆ ಒಣ ಟಿಶ್ಯೂ ಪೇಪರ್, ಮೇಲೆ ಒಂದೆರಡು ಎಳೆ ಎಲೆ. ದಿನಕ್ಕೊಮ್ಮೆ ತೆರೆದು ಎಲೆ ಬದಲಿಸುವುದರಿಂದ ಗಾಳಿಯ ಕೊರತೆಯಾಗದು. ಮುಚ್ಚಳಕ್ಕೆ ದೊಡ್ಡ ತೂತು ಮಾಡಿದರೆ ಎಲೆ ಒಣಗುತ್ತದೆ, ಮರಿ ತಪ್ಪಿಸಿಕೊಳ್ಳುತ್ತದೆ.

3. ಮೂರನೆಯ ಹಂತದಿಂದ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಎರಡಡಿ ಎತ್ತರದ ಜಾಲರಿ ಪೆಟ್ಟಿಗೆ. ಕಟ್ಟಿಗೆಯ ಚೌಕಟ್ಟಿಗೆ ಸೊಳ್ಳೆ ಜಾಲರಿ ಹೊಡೆಸಬಹುದು, ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಗೆ ಪರದೆ ಕಟ್ಟಿದರೂ ನಡೆಯುತ್ತದೆ. ಇಷ್ಟು ಜಾಗಕ್ಕೆ ಎಂಟು ಹತ್ತು ಹುಳ, ಹೆಚ್ಚು ಬೇಡ.

4. ಒಂದಡಿ ಉದ್ದದ ಟೊಂಗೆಗಳನ್ನು ಔಷಧಿ ಬಾಟಲಿಯ ನೀರಿನಲ್ಲಿ ನಿಲ್ಲಿಸಿ, ಬಾಯಿಯ ಸುತ್ತ ಹತ್ತಿ ತುರುಕಿ. ಹತ್ತಿ ಇಲ್ಲದಿದ್ದರೆ ಹುಳ ಕಡ್ಡಿ ಹಿಡಿದು ಇಳಿದು ನೀರಲ್ಲಿ ಮುಳುಗಿ ಸಾಯುತ್ತದೆ. ಇದು ತೀರಾ ಸಾಮಾನ್ಯವಾದ ಅನಾಹುತ.

5. ಹೊಸ ಟೊಂಗೆಯನ್ನು ಹಳೆಯದಕ್ಕೆ ತಾಗುವಂತೆ ಇಡಿ, ಹುಳ ತಾನಾಗಿ ದಾಟುತ್ತದೆ. ದಾಟದ ಹುಳ ಕೂತ ಎಲೆಯನ್ನು ಕತ್ತರಿಸಿ ಹೊಸ ಟೊಂಗೆಗೆ ಸಿಕ್ಕಿಸಿ.

6. ದಿನಾ ಬೆಳಿಗ್ಗೆ ತಳದ ಪೇಪರ್ ತೆಗೆದು ಹಿಕ್ಕೆ ಚೆಲ್ಲಿ ಹೊಸದು ಹಾಸಿ. ಎಲೆ ತೊಳೆದಿದ್ದರೆ ಪೂರ್ತಿ ಆರಿದ ಮೇಲೆಯೇ ಇಡಿ.

ಹುಟ್ಟಿದ ಗಿಡದ ಎಲೆಯನ್ನೇ ಕೊನೆಯವರೆಗೆ ಕೊಡಿ. ಕರಿಬೇವಿನಲ್ಲಿ ಹುಟ್ಟಿದ್ದಕ್ಕೆ ನಡುವೆ ಲಿಂಬಿ ಎಲೆ ಹಾಕಿದರೆ ಎರಡೂ ಅದರ ಮೇವೇ ಆದರೂ ಎಷ್ಟೋ ಸಲ ತಿನ್ನದೆ ಕೂರುತ್ತದೆ. ಎಳೆ ಮರಿಗೆ ಎಳೆ ಎಲೆ, ಬಲಿತ ಹುಳಕ್ಕೆ ಬಲಿತ ಎಲೆಯೂ ಆದೀತು. ಒಟ್ಟು ಮೇವಿನ ಬಹುಪಾಲು ಕೊನೆಯ ಹಂತದಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ "ಇಷ್ಟೇನಾ ತಿನ್ನೋದು" ಅನಿಸಿ, ಆಮೇಲೆ ಎಲೆ ಸಾಲದೆ ಪರದಾಡುವವರು ಬಹಳ. ಹುಳದ ಹಂತ ಮೊಟ್ಟೆಯೊಡೆದ ಮೇಲೆ ಹವೆಗೆ ತಕ್ಕಂತೆ 13ರಿಂದ 23 ದಿನ.

ನಡುನಡುವೆ ಹುಳ ಒಂದು ದಿನ ಅಲುಗದೆ, ತಿನ್ನದೆ ಕೂರುತ್ತದೆ. ತಲೆಯ ಹಿಂದೆ ಉಬ್ಬಿದಂತೆ ಕಂಡರೆ ಪೊರೆ ಬಿಡುವ ಹೊತ್ತು. ಸತ್ತಿದೆಯೇನೋ ಅಂತ ಕದಲಿಸಬೇಡಿ, ಎಲೆ ಬದಲಿಸುವುದನ್ನೂ ಮುಂದೂಡಿ.

ಪೆಟ್ಟಿಗೆ ಇಡುವ ಜಾಗ ಉತ್ತರ ಅಥವಾ ಪೂರ್ವದ ಪಡಸಾಲೆ, ನೆರಳು, ಗಾಳಿ. ತಗಡಿನ ಶೀಟಿನ ಕೆಳಗೆ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಿವು, ಆಗ ಹೊಸದಾಗಿ ಸಾಕಲು ಶುರು ಮಾಡದಿರುವುದೇ ಒಳ್ಳೆಯದು. ಆಗಲೇ ಹುಳ ಕೈಯಲ್ಲಿದ್ದರೆ ಪೆಟ್ಟಿಗೆಯ ಒಂದು ಪಕ್ಕಕ್ಕೆ ಒದ್ದೆ ಗೋಣಿ ಇಳಿಬಿಡಿ, ಕೂಲರ್ ಗಾಳಿ ನೇರ ಬಡಿಯದಂತೆ ನೋಡಿ. ಪೆಟ್ಟಿಗೆಯ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ.

ಕೆಡುವುದು ಎಲ್ಲಿ, ಏಕೆ

ಮೊಟ್ಟೆ ಪೂರ್ತಿ ಕಪ್ಪಾಗಿ ವಾರ ಕಳೆದರೂ ಒಡೆಯದಿದ್ದರೆ ಒಳಗೆ ಪರಾವಲಂಬಿ ಕಣಜ ಬೆಳೆದಿದೆ. ಹುಳದ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಕಂಡರೆ ಅದೂ ಕಣಜವೇ, ಆ ಹುಳ ಉಳಿಯುವುದಿಲ್ಲ. ಕೋಶದಿಂದ ನೂಲಿನಂಥ ಎಳೆ ಇಳಿದು ಕೆಳಗೆ ಕಂದು ಕಾಳು ಬಿದ್ದಿದ್ದರೆ ಹುಳದ ಮೈಯೊಳಗೆ ಬೆಳೆಯುವ ಟಾಕಿನಿಡ್ ನೊಣ. ಕೋಶದಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ, ಕೋಶ ಇನ್ನೂ ಮೆತ್ತಗಿದ್ದಾಗ ಮೊಟ್ಟೆ ಇಟ್ಟ ಅತಿ ಸಣ್ಣ ಕಣಜ. ಸೊಳ್ಳೆ ಪರದೆಯ ಕಣ್ಣಿನಿಂದ ಈ ಕಣಜ ನುಸುಳುತ್ತದೆ, ಅದಕ್ಕಾಗಿ ಕೋಶ ಕಟ್ಟುವ ಮೊದಲ ಎರಡು ದಿನ ಪೆಟ್ಟಿಗೆಗೆ ತೆಳು ಧೋತರದ ಬಟ್ಟೆ ಹೊದಿಸಿ. ಇವೆಲ್ಲ ತೋಟದ ಸಹಜ ಜೀವಿಗಳೇ. ಮೊಟ್ಟೆಯ ಹಂತದಲ್ಲೇ ತಂದು ಸಾಕಿದರೆ ಇವುಗಳ ಕಾಟ ತೀರಾ ಕಡಿಮೆ, ದೊಡ್ಡ ಹುಳ ತಂದರೆ ಕಣಜ ಒಳಗೇ ಇರುವ ಸಾಧ್ಯತೆ ಹೆಚ್ಚು.

ರೋಗದ ಲಕ್ಷಣ ಬೇರೆ. ಹುಳ ಮೆತ್ತಗಾಗಿ, ಕಪ್ಪಾಗಿ, ಕಡ್ಡಿಗೆ ಜೋತುಬಿದ್ದು, ಮುಟ್ಟಿದರೆ ನಾರುವ ನೀರಾಗಿ ಒಡೆಯುತ್ತದೆ. ಹುಳಗಳ ದಟ್ಟಣೆ, ಒದ್ದೆ ಎಲೆ, ತೆಗೆಯದ ಹಿಕ್ಕೆ, ಮಳೆಗಾಲದ ತೇವ ಸೇರಿದಾಗ ಇದು ಹರಡುತ್ತದೆ. ಸತ್ತ ಹುಳವನ್ನು ಎಲೆ ಸಮೇತ ಹೂತುಹಾಕಿ, ಉಳಿದವನ್ನು ಒಂದೊಂದಾಗಿ ಬೇರೆ ಡಬ್ಬಿಗೆ ಹಾಕಿ, ಕೈ ಸೋಪಿನಿಂದ ತೊಳೆಯಿರಿ. ಪೆಟ್ಟಿಗೆಯನ್ನು ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ನೀರಲ್ಲಿ ಜಾಲಾಡಿ, ಇಡೀ ದಿನ ಬಿಸಿಲಿಗೆ ಹಾಕಿ. ನಮ್ಮ ಬಿಸಿಲು ಈ ಕೆಲಸಕ್ಕೆ ಬಲು ಒಳ್ಳೆಯದು.

ಕೋಶ ಮತ್ತು ಹಾರುವ ದಿನ

ಬಲಿತ ಹುಳ ಒಮ್ಮೆಗೇ ತಿನ್ನುವುದು ಬಿಟ್ಟು, ಗಟ್ಟಿ ಹಿಕ್ಕೆಯ ಬದಲು ನೀರುನೀರಾದ ಹಸಿರು ಹಿಕ್ಕೆ ಹಾಕಿ, ಪೆಟ್ಟಿಗೆ ತುಂಬ ಅಲೆಯಲು ಶುರು ಮಾಡುತ್ತದೆ. ಭೇದಿ ಹತ್ತಿದೆ ಅಂತ ಗಾಬರಿಯಾಗಬೇಡಿ, ಕೋಶವಾಗುವ ಮುನ್ನ ಹೊಟ್ಟೆ ಖಾಲಿ ಮಾಡಿಕೊಳ್ಳುವ ಕ್ರಮವಿದು. ಪೆನ್ಸಿಲ್ ದಪ್ಪದ ಒರಟು ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ. ಹುಳ ತಲೆ ಮೇಲೆ ಮಾಡಿ, ಬಾಲದ ತುದಿಯನ್ನು ನೂಲಿನ ಗದ್ದಿಗೆಗೆ ಊರಿ, ಸೊಂಟಕ್ಕೆ ನೂಲಿನ ಉಡಿದಾರ ಕಟ್ಟಿಕೊಂಡು ಹಿಂದಕ್ಕೆ ಒರಗುತ್ತದೆ. ಒಂದು ದಿನದ ಹೊತ್ತಿಗೆ ಕೊನೆಯ ಪೊರೆ ಕಳಚಿ ಕೋಶವಾಗುತ್ತದೆ. ಹಸಿರೆಲೆಯ ನಡುವೆ ಹಸಿರು, ಒಣಕಡ್ಡಿಯ ಮೇಲೆ ಬೂದುಗಂದು. ಬಣ್ಣ ಬೇರೆಯಾಯಿತೆಂದು ರೋಗವಲ್ಲ.

ನೂಲು ಹರಿದು ಬಿದ್ದ ಕೋಶವನ್ನು ನೆಲದಲ್ಲೇ ಬಿಟ್ಟರೆ ರೆಕ್ಕೆ ಸೊಟ್ಟಗಾಗುತ್ತದೆ. ಒರಟು ಕಾಗದವನ್ನು ಕಡಲೆ ಪೊಟ್ಟಣದಂತೆ ಸುರುಳಿ ಸುತ್ತಿ, ಕೋಶವನ್ನು ತಲೆ ಮೇಲಾಗಿ ಅದರಲ್ಲಿ ಕೂರಿಸಿ ಜಾಲರಿಗೆ ಪಿನ್ ಮಾಡಿ. ಕೋಶ ಇಡುವ ಜಾಗದ ಸುತ್ತ ಕನಿಷ್ಠ 10 ಸೆ.ಮೀ. ಬಯಲು ಇರಲಿ, ರೆಕ್ಕೆ ಅರಳಿಸಲು ಅಷ್ಟು ಬೇಕು.

ಬೆಚ್ಚನೆಯ ದಿನಗಳಲ್ಲಿ ಕೋಶ 8ರಿಂದ 12 ದಿನದಲ್ಲಿ ಒಡೆಯುತ್ತದೆ, ತಂಪು ಕಾಲದಲ್ಲಿ ಮೂರು ವಾರವೂ ಆಗುತ್ತದೆ. ಡಿಸೆಂಬರ್ ನಂತರದ ಕೆಲವು ಕೋಶಗಳು ತಿಂಗಳುಗಟ್ಟಲೆ ಹಾಗೇ ಉಳಿಯುವುದುಂಟು. ಅವನ್ನು ಎಸೆಯಬೇಡಿ. ಮೆಲ್ಲಗೆ ಮುಟ್ಟಿದಾಗ ಹೊಟ್ಟೆಯ ಭಾಗ ಅಲುಗಿದರೆ, ಕೈಯಲ್ಲಿ ತೂಕ ತಿಳಿದರೆ ಜೀವವಿದೆ. ಹಗುರಾಗಿ ಟೊಳ್ಳಾಗಿದ್ದರೆ ಅಥವಾ ನಾರಿದರೆ ಸತ್ತಿದೆ. ಉಳಿದ ಕೋಶಗಳಿಗೆ ಒಣಗಾಳಿಯ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಹನಿ ಹನಿ ನೀರು ಸಿಂಪಡಿಸಿ, ತೊಯ್ಯಿಸಬೇಡಿ.

ಹೊರಬರುವ ಹಿಂದಿನ ದಿನ ಕೋಶದ ಗೋಡೆ ತಿಳಿಯಾಗಿ ಒಳಗಿನ ರೆಕ್ಕೆಯ ಮಚ್ಚೆಗಳು ಕಾಣುತ್ತವೆ. ಹೆಚ್ಚಾಗಿ ಬೆಳಗಿನ ಹೊತ್ತು ಪಾತರಗಿತ್ತಿ ಮುದುಡಿದ ರೆಕ್ಕೆಯೊಂದಿಗೆ ಹೊರಬಂದು, ಮೇಲೇರಿ ಜೋತುಬಿದ್ದು, ರೆಕ್ಕೆಗೆ ರಕ್ತರಸ ತುಂಬುತ್ತದೆ. ಅರ್ಧ ಗಂಟೆಯೊಳಗೆ ರೆಕ್ಕೆ ಅರಳುತ್ತದೆ, ಗಟ್ಟಿಯಾಗಲು ಇನ್ನೆರಡು ಮೂರು ಗಂಟೆ. ಅಷ್ಟರಲ್ಲಿ ಕೆಳಗೆ ಬೀಳುವ ಬಣ್ಣದ ಹನಿಗಳು ಕೋಶದೊಳಗಿನ ಕಸ, ಗಾಯವಲ್ಲ. ಮಧ್ಯಾಹ್ನದ ಸುಡುಬಿಸಿಲಿಗೆ ಬಿಡದೆ ಹತ್ತು ಹನ್ನೊಂದು ಗಂಟೆಯೊಳಗೆ ಅಥವಾ ನಾಲ್ಕರ ನಂತರ ನೆರಳಿನ ಹೂಗಿಡದ ಮೇಲೆ ಕೂರಿಸಿ. ದಾಸವಾಳ, ನಿತ್ಯಪುಷ್ಪ, ಪೆಂಟಾಸ್ ಇದ್ದರೆ ಮೇವಿಗೆ ಚಿಂತೆಯಿಲ್ಲ.

ಅಶೋಕ, ಸೀತಾಫಲ, ಈಶ್ವರಿ ಬಳ್ಳಿ

ಟೇಲ್ಡ್ ಜೇ ಹುಳದ ಎದೆ ದಪ್ಪ, ಬಾಲದ ಕಡೆ ಸಣ್ಣ, ಎದೆಯ ಮೇಲೆ ಗಿಡ್ಡ ಮುಳ್ಳುಗಳು. ಬಲಿತಾಗ ಹಸಿರು, ಕೋಶಕ್ಕೆ ಉದ್ದ ಕೊಂಬು. ಸಾಕುವ ಕ್ರಮ ಮೇಲಿನದೇ. ಕಂಬದ ಅಶೋಕದ ಕತ್ತರಿಸಿದ ಟೊಂಗೆ ಬೇಗ ಬಾಡುವುದರಿಂದ ಚೀಲದ ದಾರಿಯೇ ಲೇಸು.

ರೋಸ್ ಹುಳಗಳು ಕಡುಗೆಂಪು ಕಪ್ಪು ಮೈಯ ಮೇಲೆ ಕಿತ್ತಳೆಗೆಂಪು ಮೆತ್ತನೆ ಮುಳ್ಳು ಹೊತ್ತು ಮರೆಮಾಚದೆ ಓಡಾಡುತ್ತವೆ. ನಡುವೆ ಬಿಳಿ ಪಟ್ಟಿ ಇದ್ದರೆ ಕಾಮನ್ ರೋಸ್. ಕ್ರಿಮ್ಸನ್ ರೋಸ್ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯಲ್ಲಿರುವ ಜೀವಿ. ಅದನ್ನು ಹಿಡಿದು ಡಬ್ಬಿಯಲ್ಲಿಡುವಂತಿಲ್ಲ. ಮೊದಲೆರಡು ಹಂತದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಆದ್ದರಿಂದ ಈ ಬಳ್ಳಿಯ ಹುಳಗಳನ್ನೆಲ್ಲ ಬಳ್ಳಿಯ ಮೇಲೆಯೇ ಬಿಟ್ಟು ನೋಡುವುದು ಸರಿಯಾದ ಕ್ರಮ. ಇವಕ್ಕೆ ಮಾಡಬಹುದಾದ ಉಪಕಾರವೆಂದರೆ ಬಳ್ಳಿ ಬೆಳೆಸುವುದು. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ, ಹೊಲದ ಬದುವಿನ ಚಿಕ್ಕ ಬಳ್ಳಿಯನ್ನು ಕಳೆಯೆಂದು ಕೀಳದೆ ಬಿಡಿ. ಅಲಂಕಾರಕ್ಕೆ ಮಾರುವ ದೊಡ್ಡ ಹೂವಿನ ವಿದೇಶಿ ಜಾತಿ ನೆಡಬೇಡಿ. ಆಸ್ಟ್ರೇಲಿಯಾದಲ್ಲಿ ಅಂಥ ಬಳ್ಳಿಗೆ ಮೊಟ್ಟೆಯಿಟ್ಟ ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಯ ಮರಿಗಳು ಎಲೆ ತಿಂದು ಸಾಯುತ್ತವೆ. ಈಶ್ವರಿ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡಕ್ಕೆ ಹಾನಿ ಮಾಡುವಂಥದ್ದು. ಮನೆಮದ್ದೆಂದು ಬೇರು, ಎಲೆ ಸೇವಿಸಬಾರದು. ಕತ್ತರಿಸಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಮತ್ತು ದನಕರುಗಳ ಬಾಯಿಗೆ ಸಿಗದ ಎತ್ತರಕ್ಕೆ ಹಬ್ಬಿಸಬೇಕು.

ಒಂದು ತಂಡ ಹಾರಿದ ಮೇಲೆ ಹುಳ ತಿಂದ ಕರಿಬೇವಿನ ಕಡ್ಡಿಗಳನ್ನು ಗಿಣ್ಣಿನ ಮೇಲೆ ಕತ್ತರಿಸಿ, ಬುಡಕ್ಕೆ ಎರಡು ಬೊಗಸೆ ತಿಪ್ಪೆಗೊಬ್ಬರ ಕೊಟ್ಟು ನೀರು ಹಾಕಿ. ಆ ಗಿಡ ಮತ್ತೆ ಎಲೆ ತುಂಬುವವರೆಗೆ, ಅಂದರೆ ಐದಾರು ವಾರ, ಅದರ ಮೇಲೆ ಇನ್ನೊಂದು ತಂಡದ ಹುಳ ಬಿಡಬೇಡಿ.